ಡೊಂಬಿವಲಿಯಲ್ಲೇ ನಿಲ್ಲುತ್ತಿದ್ದ ಹುಡುಕಾಟ

‘ಸ್ಲೋ ಆಗಿದೆ’ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಕಾಲದಲ್ಲಿ ಮುಂಬೈ ಹತ್ತಿರದ ಮಹಾಪೆಯ ಒಂದು ಕಂಪನಿಯಲ್ಲಿ ಡೇಟಾಬೇಸ್‌ಗಳನ್ನು ಚುರುಕು ಮಾಡುವುದೇ ನನ್ನ ಕೆಲಸವಾಗಿತ್ತು. ಡೇಟಾಬೇಸ್ ಎಂದರೆ ಒಂದು ದೊಡ್ಡ ಉಗ್ರಾಣ ಎಂದುಕೊಳ್ಳಿ. ಕೇಳಿದ್ದು ಬೇಗ ಕೈಗೆ ಸಿಗುವಂತೆ ಅದನ್ನು ಓರಣ ಮಾಡಿಡುವವಳು ನಾನು. ಕಲ್ಯಾಣದಿಂದ ಠಾಣೆಯವರೆಗೆ ಒಂದು ರೈಲಿನಲ್ಲಿ ನಜ್ಜುಗುಜ್ಜಾಗಿ, ಅಲ್ಲಿಂದ ವಾಶಿ ಕಡೆಯ ಇನ್ನೊಂದು ರೈಲು ಹತ್ತಿ, ಕೊನೆಗೆ ಶೇರ್ ರಿಕ್ಷಾದ ಅರ್ಧ ಸೀಟಿನಲ್ಲಿ ಜೋತುಬಿದ್ದು ಆಫೀಸು ಮುಟ್ಟಿ ಬ್ಯಾಗು ಇಳಿಸುವಷ್ಟರಲ್ಲಿ ಒಬ್ಬ ಬಂದು ನಿಂತಿರುತ್ತಿದ್ದ. ‘ಮ್ಯಾಡಮ್, ಸಿಸ್ಟಮ್ ಸ್ಲೋ ಹೈ.’ ಯಾವ ಸಿಸ್ಟಮ್, ಯಾವ ಪುಟ, ನಿನಗೊಬ್ಬನಿಗೋ ಎಲ್ಲರಿಗೋ, ನಿನ್ನೆಯಿಂದಲೋ ಹುಟ್ಟಿದಾಗಿನಿಂದಲೋ, ಯಾವುದಕ್ಕೂ ಉತ್ತರವಿರುತ್ತಿರಲಿಲ್ಲ. ನಾನು ಅವನನ್ನೇ ಅವನ ಕುರ್ಚಿಗೆ ಕರೆದುಕೊಂಡು ಹೋಗಿ, ‘ಮಾಡಿ ತೋರಿಸು’ ಎಂದು ಪಕ್ಕದಲ್ಲಿ ಕೂರುತ್ತಿದ್ದೆ. ಈ ಕಸುಬಿಗೆ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಕೋಡು ತೆರೆಯುವ ಮೊದಲು ಮನುಷ್ಯ ಏನು ಮಾಡುತ್ತಿದ್ದಾನೆಂದು ನೋಡಿ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ.

ಮನೆಯಲ್ಲಿ ನನ್ನ ಈ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ನಮ್ಮದು ಉಡುಪಿ ಕಡೆಯ ಕುಟುಂಬ, ಕಲ್ಯಾಣ್ ಈಸ್ಟ್‌ನಲ್ಲಿ ವಾಸ. ಮನೆಯಲ್ಲಿ ಆಡುವುದು ತುಳು; ಓದುವವರಿಗಾಗಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಮ್ಮನ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು, ಅಕ್ಕನ ಮದುವೆ.

ಅಕ್ಕನಿಗೆ ಮೂವತ್ತು ದಾಟಿತ್ತು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಒಣಹಣ್ಣಿನ ವ್ಯಾಪಾರಿಯೊಬ್ಬರ ಆಫೀಸನ್ನು ಅವಳೇ ನಡೆಸುತ್ತಿದ್ದಳು. ಲಾರಿ ಡ್ರೈವರುಗಳನ್ನು ಮರಾಠಿಯಲ್ಲಿ ಗದರಿಸಿ, ಅವರಿಂದಲೇ ಚಹಾ ತರಿಸಿಕೊಂಡು ಕುಡಿಯುವ ಗಟ್ಟಿಗಿತ್ತಿ. ಡೊಂಬಿವಲಿಯ ಒಂದು ಕನ್ನಡ ಸಂಘದ ವಧೂವರರ ವಿಭಾಗದಲ್ಲಿ ಅವಳ ಹೆಸರು ಬರೆಸಿ ಕೆಲವು ವರ್ಷಗಳೇ ಆಗಿದ್ದವು. ಒಂದು ಫೋನೂ ಬಂದಿರಲಿಲ್ಲ. ಬೇಡವೆನ್ನುವುದಕ್ಕಾದರೂ ಯಾರಾದರೂ ಫೋನು ಮಾಡಬೇಕಲ್ಲ, ಅದೂ ಇಲ್ಲ.

ಅಮ್ಮ ಕೈಕಟ್ಟಿ ಕೂರುವವಳಲ್ಲ. ಸರ್ಪದೋಷವೆಂದು ಒಬ್ಬರು ಹೇಳಿದ್ದಕ್ಕೆ ಊರಿಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದಳು. ಪಕ್ಕದ ಮನೆಯ ಮರಾಠಿ ಹೆಂಗಸು ಹೇಳಿದ್ದಕ್ಕೆ ಅಕ್ಕನಿಂದ ಹದಿನಾರು ಸೋಮವಾರದ ವ್ರತ ಹಿಡಿಸಿದಳು. ಆಮೇಲೆ ಮಂಗಳವಾರ ಮಂಗಳವಾರ ಟಿಟವಾಳದ ಗಣಪತಿಯ ಸಾಲಿನಲ್ಲಿ ನಿಲ್ಲಿಸಿದಳು. ಆ ಗಣಪತಿಗೆ ಮದುವೆಯ ಖಾತೆಯೇ ಇದೆಯೆಂದು ನಮ್ಮ ಕಡೆ ನಂಬಿಕೆ. ಅಷ್ಟೆಲ್ಲ ಆದ ಮೇಲೂ ಫೋನು ಗಪ್‌ಚಿಪ್.

‘ದಿವಾದವರಿಗೂ ಆಗ್ತಾ ಉಂಟು ಮಾರಾಯ್ತಿ, ನಮಗೆ ಮಾತ್ರ ಎಂತ ಆದದ್ದು?’ ಎಂದು ಅಮ್ಮ ಹಲುಬುತ್ತಿದ್ದಳು. ಕಿಕ್ಕಿರಿದ ದಿವಾದಲ್ಲಿ ಅಗ್ಗದ ಮನೆ ಹಿಡಿದವರನ್ನು ಕಂಡರೆ ಅವಳಿಗೆ ಕಾರಣವಿಲ್ಲದ ಒಂದು ತಾತ್ಸಾರ. ಅವರ ಮನೆಯಿಂದ ಲಗ್ನಪತ್ರಿಕೆ ಬಂದಾಗಲೆಲ್ಲ ಅವಳ ರಕ್ತದೊತ್ತಡ ಏರುತ್ತಿತ್ತು. ಬಂಧುವೊಬ್ಬರು ಸಿಕ್ಕಾಗಲೆಲ್ಲ ‘ಕಲ್ಯಾಣದಲ್ಲಿದ್ದೂ ಕಲ್ಯಾಣ ಆಗ್ಲಿಲ್ವಾ?’ ಎಂದು ಕೇಳಿ ತಾವೇ ನಗುತ್ತಿದ್ದರು. ಅವರಿಗೆ ಚಹಾ ಕೊಡುವಾಗ ನಾನು ಬೇಕೆಂದೇ ಸಕ್ಕರೆ ಹಾಕುತ್ತಿರಲಿಲ್ಲ.

ಬಂಧುಗಳು ಅಕ್ಕನಿಗೆ ಹೇಳುವ, ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿತ್ತು. ‘ನಿನ್ನಿಂದಾಗಿ ತಂಗಿಯದ್ದೂ ನಿಂತಿದೆ.’ ನಮ್ಮ ಕೆಲಸದಲ್ಲಿ ಇದಕ್ಕೆ ಲಾಕ್ ಎನ್ನುತ್ತಾರೆ. ಮುಂದಿನವನು ಕೆಲಸ ಮುಗಿಸುವವರೆಗೆ ಹಿಂದಿನವನು ಬಾಗಿಲಲ್ಲಿ ಕಾಯಬೇಕು. ನನಗೆ ಯಾವ ಅವಸರವೂ ಇರಲಿಲ್ಲ. ಆದರೆ ಆ ಮಾತು ಬಿದ್ದ ದಿನ ಅಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಇಡೀ ಊರಿನಲ್ಲಿ ತನ್ನನ್ನು ಯಾರೂ ಒಪ್ಪುತ್ತಿಲ್ಲ ಎಂದು ಅವಳು ನಿಧಾನವಾಗಿ ನಂಬಿಬಿಟ್ಟಿದ್ದಳು.

ಹೀಗಿರುವಾಗ ಸಂಘದ ಆ ವಧೂವರರ ವಿಭಾಗ ನೋಡಿಕೊಳ್ಳುವ ಟೀಚರ್ ನನಗೆ ಫೋನು ಮಾಡಿದರು. ಧಾರವಾಡದ ಕಡೆಯವರು, ಇಲ್ಲಿನ ಕನ್ನಡ ಶಾಲೆಯೊಂದರಿಂದ ನಿವೃತ್ತರಾದವರು.

‘ತಂಗಿ, ನೀ ಕಂಪ್ಯೂಟರ್‌ದಾಗ ಭಾಳ ಶಾಣ್ಯಾಕಿ ಅದೀ ಅಂತ ನಿಮ್ಮವ್ವಾರು ಹೇಳ್ಯಾರ. ನಮ್ಮ ಡಬ್ಬಿ ಒಂದ್ಸಲ ನೋಡಿ ಹೋಗವಾ. ಭಾಳ ಸ್ಲೋ ಆಗೇದ.’

ಮತ್ತೆ ಅದೇ ಮಾತು. ಹಲ್ಲು ಕಚ್ಚಿಕೊಂಡು, ಏನಾಗುತ್ತದೆ ಎಂದು ಕೇಳಿದೆ. ‘ಹ್ವಾದ ವರ್ಷ ವಧೂವರರ ಸಮಾವೇಶದಾಗ ಪರದೆ ಮ್ಯಾಲೆ ಚಕ್ರ ತಿರಗಕೋತ ನಿಂತಿತ್ತು. ಮಂದಿ ಊಟಾ ಮುಗಿಸಿ ಮನೀಗೆ ಹೋದ್ರು, ಚಕ್ರ ನಿಂದರಲಿಲ್ಲ. ಈ ಸರ್ತಿನೂ ಹಂಗ ಆದ್ರ ವಿಭಾಗನ ಮುಚ್ಚತೀನಿ ಅಂತ ಅಧ್ಯಕ್ಷರು ಕುಂತಾರ.’

ಭಾನುವಾರ ಡೊಂಬಿವಲಿಗೆ ಹೋದೆ. ಅವರ ಪಕ್ಕ ಕೂತು, ‘ಮಾಡಿ ತೋರಿಸಿ ಟೀಚರ್’ ಎಂದೆ. ಅವರು ಹುಡುಗಿಯರ ಪಟ್ಟಿಯ ಗುಂಡಿ ಒತ್ತಿ, ಎದ್ದು ಹೋಗಿ, ಕಿಟಕಿಯಿಂದ ಕೆಳಗಿನವನಿಗೆ ಎರಡು ಕಟಿಂಗ್ ಚಹಾ ಕೂಗಿ ಹೇಳಿದರು. ಚಹಾ ಬಂತು. ಕುಡಿದೆವು. ಗ್ಲಾಸು ಒಯ್ಯಲು ಅವನು ಮತ್ತೆ ಮೇಲೆ ಬಂದ. ಆಗ ಮೊದಲ ಫೋಟೋದ ಹಣೆ ಕಾಣಿಸಿತು.

‘ಈಗ ಮಾರಿ ಬರತೈತಿ, ತಡಿ’ ಎಂದರು ಟೀಚರ್.

ಈ ಸಾಫ್ಟ್‌ವೇರ್ ಬರೆದದ್ದು ಸಂಘದ್ದೇ ಒಬ್ಬ ತರುಣ. ವಾಶಿಯವನು, ಪುಕ್ಕಟೆಯಾಗಿ ಬರೆದುಕೊಟ್ಟು ಆಮೇಲೆ ನೌಕರಿಗೆಂದು ಪುಣೆಗೆ ಹೋಗಿದ್ದ. ಪುಕ್ಕಟೆ ಮಾಡಿದವನನ್ನು ಬೈಯಬಾರದು, ಆದರೂ ಬೈದೆ. ಪಟ್ಟಿಯಲ್ಲಿನ ಪ್ರತಿಯೊಬ್ಬರಿಗಾಗಿ ಅದು ಒಮ್ಮೆ ಫೋಟೋ ತರಲು ಹೋಗುತ್ತಿತ್ತು, ಮತ್ತೊಮ್ಮೆ ಜಾತಕಕ್ಕೆ, ಇನ್ನೊಮ್ಮೆ ಬರಿಗೆ. ಬರಿ ಎಂದರೆ ನಮ್ಮ ಕರಾವಳಿ ಕಡೆ ತಾಯಿಯಿಂದ ಬರುವ ಕುಲ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಸಾರಿಗೆ ಬೇಕಾದ ಟೊಮೆಟೊ, ಕೊತ್ತಂಬರಿ, ಮೆಣಸಿನಕಾಯಿಗೆ ಒಂದೊಂದು ಸಲ ವಾಶಿ ಮಾರುಕಟ್ಟೆಗೆ ಹೋಗಿ ಬಂದ ಹಾಗೆ. ಒಂದೇ ಸಲ ಚೀಲ ಹಿಡಿದು ಹೋಗಿ ಎಲ್ಲ ತನ್ನಿ ಎನ್ನುವುದು ನನ್ನ ಎರಡನೆಯ ಮಾತು. ಬೇಡದ್ದನ್ನು ಹೊತ್ತು ತರಬೇಡಿ ಎನ್ನುವುದು ಅದರ ಬಾಲ. ಫೋಟೋಗಳಂತೂ ಒಂದೊಂದೂ ಆನೆಯಷ್ಟು ದೊಡ್ಡವು. ಒಬ್ಬಳು ಮಹಾಬಳೇಶ್ವರದಲ್ಲಿ ಕುದುರೆಯ ಮೇಲೆ ಕೂತ ಫೋಟೋ ಕೊಟ್ಟಿದ್ದಳು; ಅದರಲ್ಲಿ ಹುಡುಗಿಗಿಂತ ಕುದುರೆಯೇ ಸ್ಪಷ್ಟವಾಗಿತ್ತು.

ವೇಗ ಹೆಚ್ಚಿಸಲು ಆ ಪುಣ್ಯಾತ್ಮ ಮಾಡಿದ್ದು ಒಂದೇ, ಅಡ್ಡಹೆಸರಿನ ಮೇಲೆ ಇಂಡೆಕ್ಸ್ ಹಾಕಿದ್ದ. ಇಂಡೆಕ್ಸ್ ಎಂದರೆ ಪುಸ್ತಕದ ಹಿಂದಿನ ಪದಸೂಚಿಯಂಥದ್ದು, ಯಾವುದು ಯಾವ ಪುಟದಲ್ಲಿದೆ ಎಂದು ಹೇಳುವಂಥದ್ದು. ಆದರೆ ಮುಂಬೈ ಕಡೆಯ ನಮ್ಮ ಕರಾವಳಿಯವರಲ್ಲಿ ಅರ್ಧ ಜನಕ್ಕೆ ಒಂದೇ ಅಡ್ಡಹೆಸರು. ಯಾವುದಾದರೂ ಹೋಟೆಲಿನ ಮುಂದೆ ನಿಂತು ಆ ಹೆಸರು ಕೂಗಿದರೆ ಕ್ಯಾಶಿಯರ್, ಮ್ಯಾನೇಜರ್, ಮಾಲೀಕ ಮೂವರೂ ತಿರುಗಿ ನೋಡುತ್ತಾರೆ. ಹೆಚ್ಚಿನವರಲ್ಲಿ ಒಂದೇ ಆಗಿರುವ ವಿವರದ ಮೇಲೆ ಇಂಡೆಕ್ಸ್ ಹಾಕಿ ಪ್ರಯೋಜನವಿಲ್ಲ. ಬೇರೆ ಬೇರೆ ಇರುವುದರ ಮೇಲೆ ಹಾಕಬೇಕು.

ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಹೊತ್ತು ಅಳೆದು ನೋಡಿದೆ. ಫೋಟೋ ಚಿಕ್ಕದು ಮಾಡಿದೆ, ಮೂರು ಪ್ರಯಾಣವನ್ನು ಒಂದು ಮಾಡಿದೆ. ಟೀಚರ್ ಗುಂಡಿ ಒತ್ತಿ ಎಂದಿನಂತೆ ಚಹಾ ಹೇಳಲು ಎದ್ದರು, ಕಿಟಕಿ ಮುಟ್ಟುವ ಮೊದಲೇ ಪಟ್ಟಿ ಬಂದುಬಿಟ್ಟಿತ್ತು. ಅವರು ಪರದೆಯನ್ನು ಅನುಮಾನದಿಂದ ನೋಡಿದರು.

‘ಇಷ್ಟ ಲಗೂ ಬಂತಂದ್ರ ಬರೋಬ್ಬರಿ ಹುಡಿಕಿಲ್ಲ ಕಾಣಸ್ತದ.’

ನನಗೆ ಕೋಪ ಬಂತು. ಆದರೆ ಮಾತು ನಿಜವೋ ಸುಳ್ಳೋ ನೋಡೋಣವೆಂದು ಬೇರೆ ಬೇರೆ ವಯಸ್ಸು, ಬೇರೆ ಬೇರೆ ಓದು ಹಾಕಿ ಹುಡುಕಿದೆ. ಏನು ಕೇಳಿದರೂ ಅವೇ ಮುಖಗಳು ಹಿಂದುಮುಂದಾಗಿ ಬರುತ್ತಿದ್ದವು. ಕುದುರೆಯವಳಂತೂ ಪ್ರತಿ ಸಲವೂ ಹಾಜರು. ಪಟ್ಟಿಯಲ್ಲಿ ನೂರಾರು ಹುಡುಗಿಯರಿದ್ದಾರೆ, ಉಳಿದವರೆಲ್ಲಿ? ಕೋಡಿನ ಒಳಹೊಕ್ಕು ನೋಡಿದೆ.

ಅಲ್ಲಿ ಒಂದು ಸಾಲಿತ್ತು. ಹಿಂದೆಂದೋ ಸಮಾವೇಶದಲ್ಲಿ ಸಾಫ್ಟ್‌ವೇರ್ ಕೈಕೊಟ್ಟಾಗ, ಜನ ಬೈದದ್ದಕ್ಕೆ ಆ ತರುಣ ತುರ್ತಾಗಿ ಒಂದು ಉಪಾಯ ಹೂಡಿದ್ದ. ಎಲ್ಲರನ್ನೂ ಹುಡುಕಿದರೆ ತಾನೇ ತಡ? ಮೊದಲ ಐವತ್ತು ಜನರನ್ನು ಮಾತ್ರ ತೆಗೆದು, ವಯಸ್ಸು, ಓದು, ಬರಿಯ ಜರಡಿಯನ್ನು ಆ ಐವತ್ತರ ಮೇಲೆ ಮಾತ್ರ ಆಡಿಸು. ಐವತ್ತರ ಹೊರಗಿದ್ದವರು ಜರಡಿಯ ಹತ್ತಿರವೂ ಬರುತ್ತಿರಲಿಲ್ಲ. ಹೀಗೆ ಕತ್ತರಿಸಿದ್ದೇನೆ ಎಂದು ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಅವನೊಬ್ಬನೇ ಕೂತು ಪರೀಕ್ಷಿಸಿದ್ದು ತನ್ನ ಬಂಧುಬಳಗದ ಹತ್ತು ಹೆಸರು ಹಾಕಿ. ಹತ್ತರಲ್ಲಿ ಐವತ್ತರ ಮಿತಿ ಯಾರಿಗೂ ತಟ್ಟುವುದಿಲ್ಲ. ಪರೀಕ್ಷೆಗೆ ನಿಜವಾದಷ್ಟೇ ಸಾಮಾನು ಹೇರಿ ಎಂದು ನಾನು ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಮೊದಲ ಐವತ್ತು ಎಂದರೆ ಯಾರು ಮೊದಲು? ಅದನ್ನು ನೋಡಿ ನಾನು ಜೋರಾಗಿ ನಕ್ಕುಬಿಟ್ಟೆ. ಅವನು ಎಲ್ಲರನ್ನೂ ರೈಲ್ವೆ ಸ್ಟೇಷನ್ನಿನ ಕ್ರಮದಲ್ಲಿ ಜೋಡಿಸಿದ್ದ. ತಪ್ಪೆನ್ನಲಾರೆ. ಇಲ್ಲಿನ ನಮ್ಮವರು ಸಂಬಂಧ ನೋಡುವಾಗ ಹುಡುಗನ ಕೆಲಸಕ್ಕಿಂತ ಮೊದಲು ಕೇಳುವುದು ‘ಯಾವ ಸ್ಟೇಷನ್? ಈಸ್ಟೋ ವೆಸ್ಟೋ? ಫಾಸ್ಟ್ ರೈಲು ನಿಲ್ಲುತ್ತದಾ?’ ಎಂದೇ. ಜಾತಕ ಕೂಡದಿದ್ದರೆ ಶಾಂತಿ ಮಾಡಿಸಬಹುದು, ಎರಡು ಕಡೆ ರೈಲು ಬದಲಿಸುವ ಬೀಗರನ್ನು ಯಾವ ಶಾಂತಿಯೂ ಹತ್ತಿರ ತರುವುದಿಲ್ಲ. ವಾಶಿಯವನಾದ್ದರಿಂದ ಅವನ ಜಗತ್ತು ವಾಶಿಯಿಂದ ಶುರುವಾಗುತ್ತಿತ್ತು. ವಾಶಿ, ಠಾಣೆ, ದಿವಾ, ಡೊಂಬಿವಲಿ, ಅದರಾಚೆ ಕಲ್ಯಾಣ. ಡೊಂಬಿವಲಿಯ ಅರ್ಧಕ್ಕೆ ಬರುವಷ್ಟರಲ್ಲಿ ಐವತ್ತು ಮುಗಿಯುತ್ತಿತ್ತು. ಯಾರದಾದರೂ ಮದುವೆಯಾಗಿ ಹೆಸರು ತೆಗೆದರೆ ಅಷ್ಟರಲ್ಲಿ ಠಾಣೆಯಲ್ಲಿ ಹೊಸಬರು ಸೇರಿರುತ್ತಿದ್ದರು.

ನಗುತ್ತಲೇ ಕೇಳಿದೆ, ‘ಟೀಚರ್, ಕಲ್ಯಾಣದವರ ಸಂಬಂಧ ಇಲ್ಲಿಂದ ಯಾವುದಾದರೂ ಆದದ್ದುಂಟಾ?’

‘ಇಲ್ಲವಾ. ಕಲ್ಯಾಣದ ಮಂದೀಗೆ ಯಾಕೋ ಕೂಡಿ ಬರಾಂಗಿಲ್ಲ. ಹುಡುಗೋರಿಗೂ ಅಷ್ಟ, ಹುಡುಗೇರಿಗೂ ಅಷ್ಟ. ನೀರಿನ ಗುಣ ಇದ್ದೀತು.’

ನನ್ನ ನಗು ಅಲ್ಲಿಗೆ ನಿಂತಿತು. ಹೆಸರು ಹಾಕಿ ಹುಡುಕುವ ಇನ್ನೊಂದು ಪುಟದಲ್ಲಿ ಅಕ್ಕ ಯಾವಾಗಲೂ ಸಿಗುತ್ತಿದ್ದಳು. ಅಮ್ಮ ವಿಚಾರಿಸಿದಾಗಲೆಲ್ಲ ‘ಅದಾಳ ನೋಡ್ರಿ, ಇಲ್ಲೇ ಅದಾಳ’ ಎಂದು ಟೀಚರ್ ತೋರಿಸಿದ್ದರು. ಆದರೆ ವಧು ಹುಡುಕುವವರ ಪರದೆಗೆ ಅವಳು ಒಂದು ದಿನವೂ ಬಂದಿರಲಿಲ್ಲ. ಆಶ್ಲೇಷಾ ಬಲಿ, ಸೋಮವಾರಗಳು, ಟಿಟವಾಳದ ಬಿಸಿಲು, ತೊಳೆದದ್ದನ್ನೇ ತೊಳೆದ ಪಾತ್ರೆಗಳು, ಎಲ್ಲವೂ ಒಮ್ಮೆಲೇ ನೆನಪಾಗಿ ಕಣ್ಣು ಹನಿಯಿತು. ಹುಡುಕಾಟವನ್ನು ಚುರುಕು ಮಾಡಿ, ಆದರೆ ಬರುವ ಉತ್ತರ ಮೊದಲಿನದ್ದೇ ಇರಬೇಕು. ಉತ್ತರವನ್ನೇ ಕಡಿಮೆ ಮಾಡಿ ವೇಗ ತೋರಿಸುವುದಕ್ಕೆ ನಮ್ಮ ಕಸುಬಿನಲ್ಲಿ ಒಳ್ಳೆಯ ಹೆಸರಿಲ್ಲ, ಇದ್ದ ಹೆಸರನ್ನು ಇಲ್ಲಿ ಬರೆಯಲಾಗದು.

ಆ ಸಾಲು ಅಳಿಸಿದೆ. ಕೂಡಲೇ ಚಕ್ರ ಮತ್ತೆ ತಿರುಗತೊಡಗಿತು.

‘ಆರಾಮ ಆಗಿತ್ತಲ್ಲವಾ, ಮತ್ಯಾಕ ಕೆಡಿಸಿದಿ?’ ಎಂದರು ಟೀಚರ್, ಮತ್ತು ಕಿಟಕಿಯ ಕಡೆ ನಡೆದರು.

ಈಗ ಜರಡಿ ಇಡೀ ಪಟ್ಟಿಯ ಮೇಲೆ ಆಡಬೇಕಿತ್ತು, ಆದರೆ ಜರಡಿಯೇ ತಲೆಕೆಳಗಾಗಿತ್ತು. ಅರ್ಜಿಗಳಲ್ಲಿ ನಮ್ಮ ಜನ ಏನು ಬೇಕೆಂದು ಬರೆಯುವುದಿಲ್ಲ, ಏನು ಬೇಡವೆಂದು ಬರೆಯುತ್ತಾರೆ. ಹೋಟೆಲಿನವರು ಬೇಡ. ಬಾಡಿಗೆ ಮನೆ ಬೇಡ. ಕನ್ನಡಕ ಬೇಡ. ಅತ್ತೆಗೆ ಒಬ್ಬನೇ ಮಗ ಬೇಡ, ನಾಲ್ಕು ಮಂದಿ ಇದ್ದರೂ ಬೇಡ. ಇಂಡೆಕ್ಸ್ ಪಾಪ ‘ಬೇಕು’ ಎಂದರೆ ಓಡಿಹೋಗಿ ತರುತ್ತದೆ. ‘ಇದು ಬೇಡ’ ಎಂದರೆ ಬೇರೆ ದಾರಿಯಿಲ್ಲದೆ ಉಗ್ರಾಣದ ಒಂದೊಂದು ಡಬ್ಬವನ್ನೂ ತೆರೆದು, ಇದು ಅದಲ್ಲ, ಇದೂ ಅದಲ್ಲ ಎನ್ನುತ್ತ ಹೋಗಬೇಕು. ನಾನು ಪುಟವನ್ನೇ ಬದಲಿಸಿದೆ. ಮೊದಲು ವಯಸ್ಸು ಎಷ್ಟರೊಳಗೆ ಬೇಕು, ಓದು ಏನು ಬೇಕು, ಯಾವ ಸ್ಟೇಷನ್ನುಗಳು ಆಗಬಹುದು ಎಂದು ಕೇಳುವುದು. ಅದರಿಂದ ಬಂದ ಚಿಕ್ಕ ಗುಂಪಿನ ಮೇಲೆ ಆಮೇಲೆ ಬೇಡಗಳ ಜರಡಿ. ಒಟ್ಟು ಎಷ್ಟು ಮಂದಿ ಸಿಕ್ಕರು, ಅದರಲ್ಲಿ ಈಗ ಕಾಣುತ್ತಿರುವವರು ಎಷ್ಟು ಎಂದು ಪರದೆಯ ತಲೆಯ ಮೇಲೆಯೇ ಬರೆದೆ. ಇನ್ನೊಂದು ಭಾನುವಾರ ಅದಕ್ಕೇ ಹೋಯಿತು. ಚಕ್ರ ಒಂದು ಸುತ್ತೂ ತಿರುಗದೆ ಪಟ್ಟಿ ಬರತೊಡಗಿತು, ಅದರಲ್ಲಿ ಅಕ್ಕನೂ ಇದ್ದಳು. ಸ್ಟುಡಿಯೋದ ನೀಲಿ ಪರದೆಯ ಮುಂದೆ, ಅಮ್ಮನ ಸರ ಹಾಕಿಕೊಂಡು, ಸಿಟ್ಟಿನಿಂದ ಕ್ಯಾಮೆರಾ ನೋಡುತ್ತಿದ್ದಳು.

ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು, ಕೈ ನಿಲ್ಲಲಿಲ್ಲ.

‘ಅದೆಲ್ಲ ನೀನು ಮಾಡಿದ್ದಲ್ಲ. ಟಿಟವಾಳದವನೇ ನಿನ್ನನ್ನು ಅಲ್ಲಿಗೆ ಕಳಿಸಿದ್ದು.’

ಅಕ್ಕ ಕೇಳಿದಳು, ‘ಅಂದರೆ ನನ್ನನ್ನು ಯಾರೂ ಬೇಡ ಅಂದದ್ದಲ್ಲ?’

‘ಯಾರೂ ನೋಡಲೇ ಇಲ್ಲ ಅಕ್ಕಾ. ನೋಡದೆ ಬೇಡ ಅನ್ನುವುದು ಹೇಗೆ?’

ಅವಳು ನಕ್ಕಳು, ನಗುತ್ತ ನಗುತ್ತ ಅತ್ತಳು. ಲಾರಿ ಡ್ರೈವರುಗಳನ್ನು ಗದರಿಸುವ ನನ್ನ ಅಕ್ಕ ಅಳುವುದನ್ನು ನಾನು ನೋಡಿದ್ದು ಆವತ್ತೇ. ಆ ದಿನ ರಾಶಿ ಬಿದ್ದ ಪಾತ್ರೆಗಳನ್ನು ಅವಳು ಮುಟ್ಟಲೂ ಇಲ್ಲ. ಎಲ್ಲವನ್ನೂ ನಾನೇ ತೊಳೆದೆ.

ಸಮಾವೇಶ ಸಾಂಗವಾಗಿ ನಡೆಯಿತು. ಅಧ್ಯಕ್ಷರು ಭಾಷಣದಲ್ಲಿ ಸಾಫ್ಟ್‌ವೇರ್ ತಮ್ಮ ಕಾಲದಲ್ಲಿ ಸುಧಾರಿಸಿತು ಎಂದರು. ಆದರೆ ಜನ ಟೀಚರ್ ಹೇಳಿದ್ದನ್ನೇ ಹೇಳಿದರು. ಇಷ್ಟು ಬೇಗ ಬಂದದ್ದು ಸರಿಯಾಗಿರಲಿಕ್ಕಿಲ್ಲ, ಇನ್ನೊಮ್ಮೆ ಒತ್ತಿ ನೋಡಿ ಎಂದು. ‘ಸ್ವಲ್ಪ ಚಕ್ರ ತಿರಗೂಹಂಗ ಮಾಡಿಕೊಡು ತಂಗಿ, ಮಂದೀಗೆ ಧೈರ್ಯ ಬರತೈತಿ’ ಎಂದು ಟೀಚರ್ ನನ್ನ ಕಿವಿಯಲ್ಲಿ ಹೇಳಿದರು. ನಾನು ಒಪ್ಪಲಿಲ್ಲ.

ಮರುದಿನದಿಂದ ನಮ್ಮ ಮನೆಯ ಫೋನು ಹೊಡೆದುಕೊಳ್ಳತೊಡಗಿತು. ಅಮ್ಮ ಬಾಗಿಲ ಬಳಿ ನಿಂತು, ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು. ಅಕ್ಕ ಕೆಲವರಿಗೆ ಬೇಡವೆಂದಳು, ಹೇಳುವಾಗ ಅವಳಿಗೆ ಸಂತೋಷವಾಗುತ್ತಿದ್ದದ್ದು ಎದ್ದು ಕಾಣುತ್ತಿತ್ತು. ಅಮ್ಮ ಗಾಬರಿಯಾಗುವ ಹೊತ್ತಿಗೆ ಅವಳು, ಸಂಘದ ಪಟ್ಟಿ ತೆರೆಯುತ್ತಿದ್ದ ನನ್ನ ಲ್ಯಾಪ್‌ಟಾಪ್ ಮುಂದೆ ಬಂದು ಕೂತಳು.

‘ಎಲ್ಲರೂ ವಾಶಿಯಿಂದಲೇ ಯಾಕೆ ಶುರು ಮಾಡುವುದು? ನನಗೆ ಕಲ್ಯಾಣದಿಂದ ತೋರಿಸು.’

ತೋರಿಸಿದೆ. ಅವಳು ಹೆಚ್ಚು ಹುಡುಕಬೇಕಾಗಲಿಲ್ಲ. ಕಲ್ಯಾಣ್ ವೆಸ್ಟ್, ಹಳಿಯ ಆಚೆ ಬದಿಯ ಹುಡುಗ. ನಮ್ಮ ಕಡೆಯವರೇ, ಬರಿ ಬೇರೆ, ಠಾಣೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಅವರೂ ಅಕ್ಕ ಸೇರಿದ ಕಾಲದಲ್ಲೇ ಹೆಸರು ಬರೆಸಿದವರು, ಒಂದು ಫೋನೂ ಕಾಣದವರು. ಅಮ್ಮ ಅವರೊಡನೆ ಫೋನಿನಲ್ಲಿ ತುಳುವಿನಲ್ಲಿ ಊರಿನ ಮನೆಯಿಂದ ಹಿಡಿದು ಎಲ್ಲ ವಿಚಾರಿಸಿದಳು. ಆ ಕಡೆಯಿಂದ ‘ಹಾ ಆಂಟಿ, ಸಮಝ್ ಗಯಾ’ ಎಂದಷ್ಟೇ ಬರುತ್ತಿತ್ತು.

‘ಹುಡುಗನಿಗೆ ತುಳು ಬರುವುದಿಲ್ವಾ?’ ಎಂದಳು ಅಮ್ಮ ಫೋನಿಟ್ಟು.

‘ಅರ್ಥ ಆಗ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರ್ತದೆ’ ಎಂದಳು ಅಕ್ಕ. ಇಲ್ಲಿ ಹುಟ್ಟಿದ ನಮ್ಮ ಹುಡುಗರೆಲ್ಲರ ಹಣೆಬರಹ ಅದೇ.

ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ಸಂಜೆ ಅಕ್ಕ ಮರಳುವಾಗ ಅಮ್ಮ ಬಾಗಿಲಲ್ಲೇ ಕಾದಿದ್ದಳು. ಚಪ್ಪಲಿ ಬಿಡಲೂ ಬಿಡದೆ ಕೇಳಿದಳು, ‘ಹುಡುಗ ಹೇಗೆ?’

‘ಅವರು ಮೊದಲು ಕೇಳಿದ್ದು ಎಂತ ಗೊತ್ತುಂಟಾ? ಟಿಟವಾಳಾ ಕಿತನೀ ಬಾರ್, ಎಷ್ಟು ಸಲ ಆಯ್ತು ಅಂತ.’

ಅವರ ಅಮ್ಮನೂ ಅವರನ್ನು ಮಂಗಳವಾರಗಳಲ್ಲಿ ಸಾಲಿನಲ್ಲಿ ನಿಲ್ಲಿಸಿದ್ದರಂತೆ. ಬಲಿಯೂ ಆಗಿತ್ತಂತೆ, ಮೇಲೆ ಒಂದು ಹರಳಿನ ಉಂಗುರವೂ. ಯಾರ ಅಮ್ಮ ಹೆಚ್ಚು ಮಾಡಿಸಿದ್ದು ಎಂದು ಲೆಕ್ಕ ಹಾಕುತ್ತ ಇಬ್ಬರೂ ಎರಡೆರಡು ಚಹಾ ಕುಡಿದಿದ್ದರು. ಅಮ್ಮನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

‘ಆಮೇಲೆ ನಾನು ಆ ಐವತ್ತರ ವಿಷಯ ಹೇಳಿದೆ’ ಎಂದಳು ಅಕ್ಕ. ‘ಅವರು ಗ್ಲಾಸು ಕೆಳಗಿಟ್ಟರು. ಮತ್ತೆ ಕೇಳಿದರು, ಮತಲಬ್ ಮುಝೇ ಕಿಸೀನೇ ನಾ ನಹೀ ಬೋಲಾ?’

ಅಂದು ಅಕ್ಕ ನನ್ನನ್ನು ಕೇಳಿದ ಪ್ರಶ್ನೆಯೇ, ಹಿಂದಿಯಲ್ಲಿ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಲ್ಯಾಪ್‌ಟಾಪನ್ನು ತಾನೇ ತೆಗೆದು ನನ್ನ ಮಡಿಲಲ್ಲಿಟ್ಟಳು.

‘ಟೀಚರಿಗೆ ಫೋನು ಮಾಡಿ ಕೇಳು. ಕೇಳಿ ಆ ಪಟ್ಟಿಯಿಂದ ಅವರ ಹೆಸರು ತೆಗೆ.’

‘ಈಗಲೇ? ಎರಡೂ ಮನೆಯವರು ಕೂತು ಮಾತಾಡಲಿ, ಆಮೇಲೆ ತೆಗೆದರಾಯ್ತಲ್ಲ.’

‘ಈಗಲೇ ತೆಗೆ’ ಎಂದಳು ಅಕ್ಕ. ‘ನೀನು ಅದನ್ನು ಎಲ್ಲರಿಗೂ ಭಾರೀ ಫಾಸ್ಟ್ ಮಾಡಿ ಇಟ್ಟಿದ್ದೀ.’